ಒಳಗಿನ ಗುಲಾಬಿ, ಹೊರಗಿನ ಗುಲಾಬಿ

ಗಿಡ ಸಾಕಿದರೆ ಮನಸ್ಸು ಶಾಂತವಾಗುತ್ತದೆ ಎಂದು ಹೇಳಿದವರು ಯಾರೋ ಗೊತ್ತಿಲ್ಲ, ಅವರ ಮನೆಯಲ್ಲಿ ಬಟನ್ ಗುಲಾಬಿ ಇರಲಿಲ್ಲ ಎನ್ನುವುದು ಮಾತ್ರ ಖಂಡಿತ. ನಮ್ಮ ಮನೆಗೆ ಆ ಗೇಣುದ್ದದ ಗಿಡ ಬಂದ ದಿನದಿಂದ ಒಂದಲ್ಲ ಒಂದು ಫಜೀತಿ ತಾನಾಗಿಯೇ ಬಾಗಿಲು ಬಡಿಯುತ್ತಿದೆ. ನಾವು ಕರೆಯಬೇಕಾದ ಅಗತ್ಯವೇ ಬಿದ್ದಿಲ್ಲ.

ನಾವಿರುವುದು ಪುಣೆಯ ವಾಕಡದಲ್ಲಿ, ಎಂಟನೇ ಮಹಡಿಯಲ್ಲಿ. ನಾನು ಹತ್ತಿರದ ಒಂದು ಹಲ್ಲಿನ ದವಾಖಾನೆಯಲ್ಲಿ ಬಂದವರ ಹೆಸರು ಕೂಗುವ ಕೆಲಸ ಮಾಡುತ್ತೇನೆ. ಯಜಮಾನರು ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇಷ್ಟು ವರ್ಷ ಸೊಲ್ಲಾಪುರದಲ್ಲಿ ಮಗಳ ಮನೆಯಲ್ಲಿದ್ದ ನಮ್ಮ ಅತ್ತೆ, ಈ ಸಂಕ್ರಾಂತಿ ಮುಗಿಸಿಕೊಂಡು ನಮ್ಮಲ್ಲಿಗೆ ಬಂದರು. ಅವರು ದಿನಾ ಬೆಳಿಗ್ಗೆ, ಸಂಜೆ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವವರು. ಪೂಜೆಗೆ ಹೂ ಬೇಕು. ಮೊದಲ ದಿನ ನಾನು ಪೇಟೆಯಿಂದ ದೊಡ್ಡದೊಂದು ಗುಲಾಬಿ ತಂದುಕೊಟ್ಟೆ. ಅದನ್ನು ಲಿಂಗದ ಮೇಲೆ ಇಟ್ಟರೆ ಅಂಗೈಯೇ ಮುಚ್ಚಿಹೋಯಿತು.

"ದೇವರು ಎಲ್ಲಿ ಅದಾನ ಅಂತ ಹೂವಿನ ಕೆಳಗ ಹುಡುಕಬೇಕೇನು?" ಎಂದರು ಅತ್ತೆ. "ಮತ್ತ ಕೊಂಡ ಹೂವಿನ ಪುಣ್ಯ ಮಾರಿದಾವಗ ಹೋಗತದ. ಸೊಲ್ಲಾಪುರದಾಗ ಹಿತ್ತಲ ಇತ್ತು. ಇಲ್ಲಿ ಏನದ, ಲಿಫ್ಟು!"

ಆಮೇಲೆ ತಮ್ಮ ಷರತ್ತು ಹೇಳಿದರು. "ಶ್ರಾವಣದ ಮೊದಲ ಸೋಮವಾರದ ತನಕ ನೋಡತೀನಿ. ಈ ಮನ್ಯಾಗ ಬೆಳದ ಹೂ ಅವತ್ತು ನನ್ನ ಅಂಗೈಯಾಗ ಇದ್ದರ ಇಲ್ಲೇ ಇರತೀನಿ. ಇಲ್ಲಂದ್ರ ಸೊಲ್ಲಾಪುರದ ಗಾಡಿ ಹತ್ತತೀನಿ."

ಬೇರೆ ಸೊಸೆಯರಾಗಿದ್ದರೆ ಆ ಸೋಮವಾರಕ್ಕಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರೋ ಏನೋ. ನನಗೆ ಮಾತ್ರ ಅತ್ತೆ ಹೋಗುವುದು ಬೇಕಿರಲಿಲ್ಲ. ದಿನವಿಡೀ ಹಲ್ಲುನೋವಿನವರ ಮುಖ ನೋಡಿ ಮನೆಗೆ ಬಂದರೆ, "ಉಂಡಿಯೇನ ಮಧ್ಯಾಹ್ನ?" ಎಂದು ಕೇಳುವ ಒಂದು ಜೀವ ಬಾಗಿಲಲ್ಲಿ ನಿಂತಿರುತ್ತಿತ್ತು. ನನ್ನ ತಾಯಿ ಹೋದ ಮೇಲೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಯಜಮಾನರು ಕೇಳುವುದು, "ಊಟಕ್ಕ ಏನದ?" ಅದು ಬೇರೆ ಪ್ರಶ್ನೆ.

ಹೀಗಾಗಿ ಲಿಂಗದ ಅಳತೆಗೆ ಸರಿಹೊಂದುವ ಬಟನ್ ಗುಲಾಬಿಯನ್ನು ಹುಡುಕಿ ತಂದೆವು.

ಮೂವರು ಅತ್ತೆಯರ ಸೊಸೆ

ನರ್ಸರಿಯಿಂದ ಬಂದಾಗ ಗಿಡದಲ್ಲಿ ಐದಾರು ಕೆಂಪು ಹೂಗಳಿದ್ದವು. ಗೆದ್ದೆವು ಎಂದುಕೊಂಡೆ. ಅತ್ತೆ ಒಪ್ಪಲಿಲ್ಲ. "ಇವು ಅವರ ಮನ್ಯಾಗ ಮೊಗ್ಗಾದವು. ಇಲ್ಲಿ ಹುಟ್ಟಿದ್ದು ಬೇಕು."

ಆಗಲಿ ಎಂದು ಒಂದು ಚೆಂದದ ಪಿಂಗಾಣಿ ಕುಂಡ ತಂದು ಗಿಡವನ್ನು ಅದರಲ್ಲಿಟ್ಟು ಟಿವಿ ಪಕ್ಕ ಕೂರಿಸಿದೆ. ಕುಂಡಕ್ಕೆ ಕೆಳಗೆ ತೂತಿರಲಿಲ್ಲ. ತೂತಿದ್ದರೆ ಟಿವಿ ಸ್ಟ್ಯಾಂಡ್ ಹಾಳಾಗುತ್ತದೆ ಎನ್ನುವುದು ನನ್ನ ಜಾಣತನ.

ಹದಿನೈದು ದಿನಕ್ಕೆ ಎಲೆ ಹಳದಿಯಾಗಿ ಉದುರತೊಡಗಿತು. ಬಾಡುತ್ತಿದೆ, ಪಾಪ, ಬಾಯಾರಿಕೆ ಇರಬೇಕು ಎಂದು ನಾನು ದವಾಖಾನೆಗೆ ಹೊರಡುವ ಮೊದಲು ಒಂದು ಚೊಂಬು ನೀರು ಹಾಕುತ್ತಿದ್ದೆ. ಗಿಡ ಇನ್ನಷ್ಟು ಬಾಡಿತು. ಕೊನೆಗೊಂದು ದಿನ ಬುಡ ಹಿಡಿದು ಎತ್ತಿದರೆ ಗಿಡ ಕೈಗೇ ಬಂತು. ಬೇರು ಕೊಳೆತು ಅಂಬಲಿಯಾಗಿತ್ತು.

"ನಾ ದಿನಾ ತಪ್ಪದ ನೀರು ಹಾಕೇನಿ," ಎಂದೆ ಅಳು ದನಿಯಲ್ಲಿ.

"ನೀನೂ ಹಾಕ್ತಿದ್ದಿ?" ಎಂದರು ಯಜಮಾನರು. "ನಾ ಫ್ಯಾಕ್ಟರಿಯಿಂದ ಬಂದು ಹಾಕ್ತಿದ್ದೆ."

ಅತ್ತೆ ಮೆಲ್ಲಗೆ ಕೆಮ್ಮಿದರು. ಪೂಜೆಯ ಪಾತ್ರೆ ತೊಳೆದ ನೀರನ್ನು ಕಂಡವರು ತುಳಿಯುವ ಕಡೆ ಚೆಲ್ಲಬಾರದು, ಗಿಡದ ಬುಡಕ್ಕೇ ಹಾಕಬೇಕು ಎನ್ನುವುದು ಅವರ ನೇಮ. ಅವರು ದಿನಕ್ಕೆರಡು ಸಲ ಪೂಜೆ ಮಾಡುವವರು.

ನಾವಿಬ್ಬರೂ ಅವರ ಕಡೆ ನೋಡಿದೆವು. ಅತ್ತೆ ಒಂಚೂರೂ ಅಳುಕಲಿಲ್ಲ. "ಒಬ್ಬ ಅತ್ತಿ ಇದ್ದ ಮನ್ಯಾಗs ಸೊಸಿ ಬಾಳೂದು ಕಷ್ಟ. ಇದಕ್ಕ ಮೂರು ಮಂದಿ ಅತ್ತ್ಯಾರು. ಎಲ್ಲಿಂದ ಬದುಕಬೇಕು?"

ನೇರಳೆ ಬೆಳಕಿನ ಮನೆ

ಎರಡನೇ ಸಲ ಎರಡು ಗಿಡ ತಂದೆವು. ಯಜಮಾನರದು ಕಾರ್ಖಾನೆಯ ಬುದ್ಧಿ, ಎಲ್ಲದಕ್ಕೂ ಟ್ರಯಲ್ ಆಗಬೇಕು. ಒಂದು ಗಿಡ ಒಳಗೆ ಹಾಲ್‌ನಲ್ಲಿ, ಇನ್ನೊಂದು ಹೊರಗೆ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ. ಎರಡೂ ತೂತಿರುವ ಮಣ್ಣಿನ ಕುಂಡದಲ್ಲಿ. ನೀರು ಹಾಕುವ ಅಧಿಕಾರ ನನಗೊಬ್ಬಳಿಗೇ, ಅದೂ ಮಣ್ಣಿಗೆ ಬೆರಳಿಟ್ಟು ನೋಡಿದ ಮೇಲೆ. ಅತ್ತೆಯ ಪೂಜೆ ನೀರಿಗೆ ಒಂದು ದೊಡ್ಡ ಅಲೋವೆರಾ ತಂದುಕೊಟ್ಟೆವು. ಅದೂ ಹೆಚ್ಚು ನೀರು ತಡೆಯುವ ಜಾತಿಯಲ್ಲ ಎಂದು ಆಮೇಲೆ ತಿಳಿಯಿತು, ಆ ಕತೆ ಬೇಡ.

ಹಾಲ್‌ಗೆ ಬಿಸಿಲು ಬರುವುದಿಲ್ಲ. ಎದುರಿಗೆ ಹದಿನಾಲ್ಕು ಮಹಡಿಯ ಕಟ್ಟಡ ನಿಂತಿದೆ. ಗುಲಾಬಿಗೆ ದಿನಕ್ಕೆ ಐದಾರು ತಾಸು ಬಿಸಿಲಾದರೂ ಬೇಕಂತೆ. ಯಜಮಾನರು ಫೋನಿನಲ್ಲಿ ಹುಡುಕಿ ಗಿಡಕ್ಕೆಂದೇ ಮಾಡಿದ ಒಂದು ಲೈಟು ತರಿಸಿದರು. ಹಚ್ಚಿದರೆ ಮನೆಯೆಲ್ಲ ನೇರಳೆ ಬಣ್ಣ. ಗೋಡೆ ನೇರಳೆ, ಸೋಫಾ ನೇರಳೆ, ತಟ್ಟೆಯಲ್ಲಿನ ಅನ್ನವೂ ನೇರಳೆ. ಅತ್ತೆಯ ಹಣೆಯ ವಿಭೂತಿ ಹೊಳೆಯುತ್ತಿತ್ತು.

ಮೂರನೇ ಸಂಜೆ ಸೊಸೈಟಿಯ ವಾಚ್‌ಮನ್ ಬಂದು ಬಾಗಿಲಲ್ಲಿ ನಿಂತ. ಒಳಗೆ ಇಣುಕಲೋ ಬೇಡವೋ ಎಂಬ ಸಂಕೋಚ. ಎದುರು ಕಟ್ಟಡದಿಂದ ಫೋನ್ ಬಂದಿದೆಯಂತೆ. ದಿನಾ ಸಂಜೆ ಈ ಮನೆಯಲ್ಲಿ ಬಣ್ಣದ ಲೈಟು ಹಚ್ಚುತ್ತಾರೆ, ಡಾನ್ಸ್ ಬಾರ್ ಏನಾದರೂ ಶುರುವಾಗಿದೆಯಾ ನೋಡಿ ಬಾ ಎಂದು ಹೇಳಿದ್ದಾರೆ.

ನಾನು ಬಾಗಿಲು ಪೂರ್ತಿ ತೆರೆದೆ. ನೇರಳೆ ಬೆಳಕಿನ ನಡುವೆ ಎಪ್ಪತ್ತು ದಾಟಿದ ನಮ್ಮ ಅತ್ತೆ ಮಡಿ ಸೀರೆ ಉಟ್ಟು, ಕಣ್ಣು ಮುಚ್ಚಿ, ಅಂಗೈ ಮುಂದೆ ಹಿಡಿದು ಕೂತಿದ್ದರು. ವಾಚ್‌ಮನ್ ಗಾಬರಿಯಾಗಿ ಕೈ ಮುಗಿದು ಹಿಂದೆ ಸರಿದ.

ಪೂಜೆ ಮುಗಿದ ಮೇಲೆ ವಿಷಯ ತಿಳಿದು ಅತ್ತೆ ಕೇಳಿದ್ದು ಒಂದೇ ಮಾತು. "ಮತ್ತ ಗಿರಾಕಿ ಯಾರೂ ಬರಲಿಲ್ಲೇನ?"

ಕುರಡಗಿಯ ಪಂಚನಾಮೆ

ಬೇಸಿಗೆಯಲ್ಲಿ ಗ್ಯಾಲರಿಯ ಗಿಡಕ್ಕೆ ಸಾಸಿವೆ ಹಿಂಡಿ ನೆನೆಸಿದ ನೀರು ಹಾಕಿದೆ. ಆ ವಾಸನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಓದುವವರು ಊಟ ಮಾಡಿರುತ್ತಾರೆ. ಕುಂಡಕ್ಕೆ ಈಗ ತೂತಿತ್ತಲ್ಲ, ನೀರು ಕೆಳಗಿಳಿಯಿತು. ನಮ್ಮ ಗ್ಯಾಲರಿ ದಾಟಿ ಏಳನೇ ಮಹಡಿಯ ಗ್ಯಾಲರಿಗೂ ಇಳಿಯಿತು. ಅಲ್ಲಿ ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ವರ್ಷಕ್ಕಾಗುವಷ್ಟು ಕುರಡಗಿ, ಅಂದರೆ ಗೋಧಿ ಹಾಲಿನ ಎಳೆಎಳೆ ಸಂಡಿಗೆ, ಒಣಹಾಕಿದ್ದರು.

ಹತ್ತು ನಿಮಿಷದಲ್ಲಿ ಕಾಕು ತಾಟು ಹಿಡಿದು ಮೇಲೆ ಬಂದರು. ತಾಟಿನಲ್ಲಿ ಸಾಕ್ಷಿ ಇತ್ತು, ಬಿಳಿ ಕುರಡಗಿಯ ಮೇಲೆ ಕಂದು ಚುಕ್ಕೆ.

"ಹೇ ಬಘಾ! ಹೇ ಕಾಯ್ ಆಹೇ?" ಎಂದು ಮರಾಠಿಯಲ್ಲಿ ಗುಡುಗಿದರು. ಇದೇನು ನೋಡಿ ಎಂದು ಅರ್ಥ. ನೋಡದೆಯೂ ನನಗೆ ಗೊತ್ತಿತ್ತು. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದು, ತಾಟಿನಿಂದ ಒಂದು ಕುರಡಗಿ ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಳಿ ಭಾಳ ದಪ್ಪ ಆಗ್ಯಾವ," ಎಂದರು. "ಗೋಧಿ ಮೂರು ದಿನ ನೆನಿ ಹಾಕಿಲ್ಲ ಅಕಿ."

ಸೊಲ್ಲಾಪುರದ ಕಡೆಯ ನಂಟಿನಿಂದ ಕಾಕುವಿಗೆ ಕನ್ನಡ ಅರ್ಥವಾಗುತ್ತಿತ್ತು ಎನ್ನುವುದು ನನಗೆ ಆ ಕ್ಷಣದಲ್ಲೇ ಗೊತ್ತಾದದ್ದು. ಅವರ ಮುಖ ಕೆಂಪಾಯಿತು. ಹಿಂಡಿ ನೀರು, ವಾಸನೆ, ಕಂದು ಚುಕ್ಕೆ ಎಲ್ಲ ಮರೆತುಹೋಯಿತು. ಮೂವತ್ತು ವರ್ಷದಿಂದ ಕುರಡಗಿ ಮಾಡುವ ನನಗೆ ಎಳೆ ದಪ್ಪ ಎಂದು ಹೇಳುವವರು ಯಾರು ಎಂದು ಅವರು ಮರಾಠಿಯಲ್ಲಿ, ಕಣ್ಣಿಗೆ ಕಂಡದ್ದು ಹೇಳಿದೆ ಎಂದು ಇವರು ಕನ್ನಡದಲ್ಲಿ. ನಾನು ನಡುವೆ ನಿಂತು ಇಬ್ಬರಿಗೂ ಚಹಾ ಮಾಡಿದೆ.

ಮರುದಿನ ಕಾಕು ಮತ್ತೆ ಬಂದರು. ಈ ಸಲ ತಾಟಿನಲ್ಲಿ ಕರಿದ ಕುರಡಗಿ, ಕೂದಲಿನಷ್ಟು ಸಣ್ಣ ಎಳೆ. ಅತ್ತೆ ಒಂದು ತಿಂದು, "ಇದು ಚಲೋ ಆಗೇದ," ಎಂದು ಒಪ್ಪಿಕೊಂಡರು. ಕಾಕು ಗೆದ್ದ ಸಂತೋಷದಲ್ಲಿ ನಮ್ಮ ಗ್ಯಾಲರಿಯ ಗಿಡ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಗುಟ್ಟು ಹೇಳಿದರು. ಹಿಂಡಿಯಿಂದ ಏನೂ ಆಗದು, ಗುಲಾಬಿಗೆ ಎಲುಬಿನ ಪುಡಿ ಹಾಕು, ಆಮೇಲೆ ನೋಡು.

ಹೊರಡುವಾಗ ಅತ್ತೆಗೆ ಕೇಳಿಸುವ ಹಾಗೆ ಕನ್ನಡದಲ್ಲೇ ಹೇಳಿದರು, "ಮುಂದಿನ ವರ್ಷ ಹಿಂಡಿ ನೀರು ಹಾಕೋ ಮೊದಲು ತಿಳಿಸಿ. ನಾನು ದಪ್ಪ ಎಳೆಯವು ಮೊದಲು ಹೊರಗಿಡತೀನಿ."

ಸುಣ್ಣಕ್ಕೆ ಬಾಲ ಅಲ್ಲಾಡಿಸಿದ ನಾಯಿ

ನಮ್ಮದು ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆ. ಅಂಥಲ್ಲಿ ಎಲುಬಿನ ಪುಡಿ! ಆದರೆ ಮಳೆ ಶುರುವಾಗಿತ್ತು, ಶ್ರಾವಣ ಹತ್ತಿರ ಬರುತ್ತಿತ್ತು, ಎರಡೂ ಗಿಡ ಬರೀ ಎಲೆ ತೋರಿಸುತ್ತಿದ್ದವು. ಒಂದು ದಿನ ದವಾಖಾನೆಯಿಂದ ಬರುವಾಗ ಪೊಟ್ಟಣ ತಂದೆ. ಗ್ಯಾಲರಿಯ ಕುಂಡಕ್ಕೆ ಹಾಕುತ್ತಿರುವಾಗ ಹಿಂದಿನಿಂದ ದನಿ ಬಂತು.

"ಅದೇನ ಪುಡಿ?"

"ಸುಣ್ಣದ ಪುಡಿರಿ ಅತ್ತಿ," ಎಂದೆ. "ಕ್ಯಾಲ್ಸಿಯಂ. ನಮ್ಮ ದವಾಖಾನ್ಯಾಗ ಹಲ್ಲಿಗೂ ಹೇಳ್ತಾರ."

ಅತ್ತೆ ಹೂಂ ಎಂದು ಒಳಗೆ ಹೋದರು. ನಾನು ದೊಡ್ಡ ಗಂಡಾಂತರ ದಾಟಿದೆ ಎಂದುಕೊಂಡೆ.

ಪಕ್ಕದ ಮನೆಯಲ್ಲಿ ಬೆಂಗಳೂರಿನ ಕಡೆಯ ಐಟಿ ಗಂಡಹೆಂಡತಿ ಇದ್ದಾರೆ. ಅವರದೊಂದು ದಪ್ಪ ಮುದಿ ಲ್ಯಾಬ್ರಡಾರ್ ನಾಯಿ. ದಿನಕ್ಕೆರಡು ಸಲ ನಮ್ಮ ಬಾಗಿಲ ಮುಂದೆ ಹಾಯುತ್ತದೆ, ಒಮ್ಮೆಯೂ ಕತ್ತೆತ್ತಿ ನೋಡಿದ್ದಿಲ್ಲ. ಮರುದಿನ ಬಾಗಿಲು ತೆರೆದಿತ್ತು. ನಾಯಿ ಹಗ್ಗ ಬಿಡಿಸಿಕೊಂಡು ಒಳಗೆ ನುಗ್ಗಿ, ಹಾಲ್ ದಾಟಿ, ನೇರ ಗ್ಯಾಲರಿಗೆ ಓಡಿ ಕುಂಡದಲ್ಲಿ ಮೂತಿ ಹಾಕಿತು. ಬಾಲ ಗಾಳಿಯಲ್ಲಿ ತಿರುಗುತ್ತಿತ್ತು.

ಹಿಂದೆಯೇ ಓಡಿಬಂದ ಪಕ್ಕದ ಮನೆಯಾಕೆ, "ಅಯ್ಯೋ ಸಾರಿ ಆಂಟಿ! ಇವನು ಯಾವತ್ತೂ ಹೀಗೆ ಮಾಡಲ್ಲ. ನಾನ್‌ವೆಜ್ ಸ್ಮೆಲ್ ಬಂದ್ರೆ ಮಾತ್ರ ಕಂಟ್ರೋಲ್ ಆಗಲ್ಲ. ನಿಮ್ಮನೇಲಿ ಹೇಗೆ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ನನ್ನ ಕಣ್ಸನ್ನೆ ಅಷ್ಟು ಹೊತ್ತಿಗೆ ತಲುಪಿತ್ತು. ತಲುಪಿದ್ದು ತಡವಾಗಿತ್ತು.

ಅತ್ತೆ ನಾಯಿಯನ್ನು ನೋಡಿದರು. ಕುಂಡವನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ನಾ ಇಷ್ಟು ವರ್ಷ ಬದುಕೇನಿ. ಸುಣ್ಣ ಕಂಡು ಬಾಲ ಅಲ್ಲಾಡಿಸೋ ನಾಯಿ ಇವತ್ತs ನೋಡಿದ್ದು."

ಅಯ್ಯನವರ ಸಂದೇಹ

ಎರಡು ದಿನ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಬಾಗಿಲಲ್ಲಿ ಆ ಪ್ರಶ್ನೆಯೂ ಇಲ್ಲ. ಆ ಎರಡು ದಿನ ಊಟ ಮಾಡಿದರೂ ಉಂಡಂತಾಗಲಿಲ್ಲ. ಸೊಲ್ಲಾಪುರದ ಗಾಡಿ ಶ್ರಾವಣಕ್ಕೂ ಮೊದಲೇ ಬರುತ್ತದೆ ಎಂದು ಹೆದರಿದೆ.

ಆದರೆ ಗ್ಯಾಲರಿಯ ಗಿಡಕ್ಕೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಕೆಲವೇ ವಾರಗಳಲ್ಲಿ ಕೊಂಬೆಕೊಂಬೆಗೂ ಮೊಗ್ಗು ತುಂಬಿತು. ಅತ್ತೆ ದಿನಾ ಅದರ ಮುಂದೆ ನಿಂತು ನೋಡುವುದನ್ನು ನಾನು ಕಂಡೆ. ಕೊನೆಗೆ ಮನಸ್ಸು ತಡೆಯಲಾರದೆ, ಹಡಪಸರದಲ್ಲಿರುವ ಅಯ್ಯನವರಿಗೆ ಫೋನ್ ಮಾಡಿಸಿದರು. ಪುಣೆಯಲ್ಲಿ ನಮ್ಮ ಕಡೆಯವರ ಮನೆಗಳಲ್ಲಿ ಪೂಜೆ ಪುನಸ್ಕಾರ ಮಾಡಿಸುವವರು ಅವರೇ.

"ಅಯ್ಯನೋರ, ಎಲುಬಿನ ಪುಡಿ ತಿಂದ ಗುಲಾಬಿ ಹೂ ಲಿಂಗಕ್ಕ ನಡೀತದೇನ್ರಿ?"

ಆ ಕಡೆಯಿಂದ ಹೂಂ ಎಂದು ಉದ್ದನೆಯ ರಾಗ ಬಂತು. ಶಾಸ್ತ್ರ ಯೋಚಿಸುತ್ತಿದ್ದಾರೆ ಎಂದು ನಾವೆಲ್ಲ ಫೋನಿಗೆ ಕಿವಿಗೊಟ್ಟು ನಿಂತೆವು.

"ಮೊಗ್ಗ ಆಗ್ಯಾವೇನ್ರಿ ತಾಯಿ?"

"ಗಿಡದ ತುಂಬ ಆಗ್ಯಾವ್ರಿ."

"ಹಂಗೇನ್ರಿ?" ಅಯ್ಯನವರ ದನಿ ತಗ್ಗಿತು. "ಎಷ್ಟು ಹಾಕಿದ್ರಿ? ನಮ್ಮವು ಎರಡು ವರ್ಷದಿಂದ ಬರೇ ಎಲಿ ಬಿಡಾಕತ್ತಾವ."

ಅತ್ತೆ ಫೋನ್ ನನ್ನ ಕೈಗೆ ಕೊಟ್ಟರು. ಶಾಸ್ತ್ರ ಕೈಕೊಟ್ಟ ಮೇಲೆ ತಾವೇ ಕಾಯಿದೆ ಮಾಡಿದರು. ಒಳಗಿನ ಗಿಡ ಶುದ್ಧ ಸಸ್ಯಾಹಾರಿ, ಅದಕ್ಕೆ ಬಾಳೆಹಣ್ಣಿನ ಸಿಪ್ಪೆ, ನೀರು ಮಜ್ಜಿಗೆ. ಪೂಜೆಗೆ ಅದರದೇ ಹೂ. ಹೊರಗಿನದು ಹೊರಗೆ ಏನು ತಿಂದರೂ ನಾವು ಕೇಳುವುದಿಲ್ಲ, ಆದರೆ ಅದರ ಹೂ ಹೊಸ್ತಿಲು ದಾಟಬಾರದು.

ಒಂದು ಮಧ್ಯಾಹ್ನ ಗಾಳಿಮಳೆ ಜೋರಾಯಿತು. ಗ್ಯಾಲರಿಯ ಕುಂಡ ಉರುಳಿಬೀಳುತ್ತದೆ ಎಂದು ನಾನು ಎತ್ತಿಕೊಂಡು ಒಳಗೆ ತರಲು ಹೊರಟೆ. ಅತ್ತೆ ಹೊಸ್ತಿಲಲ್ಲಿ ತಡೆದರು. ಒಂದು ಚೊಂಬು ನೀರು ತಂದು ಕುಂಡದ ಸುತ್ತ ಸುರಿದು, ಎಲೆಗಳ ಮೇಲೆ ಚಿಮುಕಿಸಿ, "ಈಗ ಬಾ," ಎಂದರು. ಹೊರಗೆ ಧಾರಾಕಾರ ಮಳೆಯಲ್ಲಿ ಅರ್ಧ ತಾಸು ನೆನೆದ ಗಿಡಕ್ಕೆ ಶುದ್ಧವಾಗಲು ಆ ಮಳೆ ಸಾಲದಾಗಿತ್ತಂತೆ.

ಶ್ರಾವಣದ ಮೊದಲ ಸೋಮವಾರ

ಭಾನುವಾರವೇ ಅತ್ತೆಯ ಬ್ಯಾಗು ಮಂಚದ ಮೇಲೆ ಬಂದಿತ್ತು. ಸೀರೆಗಳು ಒಳಗೆ ಹೋಗಿದ್ದವು. ನಾನು ಅಡುಗೆಮನೆಯಲ್ಲಿ ಎರಡು ಸಲ ಈರುಳ್ಳಿ ಹೆಚ್ಚಿದೆ, ಒಂದು ಸಲ ಪಲ್ಯಕ್ಕೆ, ಇನ್ನೊಂದು ಸಲ ಕಣ್ಣೀರಿಗೆ ನೆಪ ಬೇಕಿತ್ತು.

ಸೋಮವಾರ ಬೆಳಿಗ್ಗೆ ಎದ್ದವಳೇ ಹಾಲ್‌ಗೆ ಓಡಿದೆ. ಒಳಗಿನ ಗಿಡದಲ್ಲಿ ಒಂದೇ ಒಂದು ಮೊಗ್ಗಿತ್ತು. ಹಚ್ಚಗೆ, ಗಟ್ಟಿಯಾಗಿ, ಡಾಕ್ಟರ ಮುಂದೆ ಬಾಯಿ ಬಿಡದ ಮಗುವಿನ ಹಾಗೆ ಮುಚ್ಚಿಕೊಂಡಿತ್ತು. ಗ್ಯಾಲರಿಯಲ್ಲಿ ಮಾತ್ರ ಹಬ್ಬ. ಕೆಂಪು ಹೂಗಳ ಭಾರಕ್ಕೆ ಕೊಂಬೆಗಳು ಬಾಗಿದ್ದವು.

ಅತ್ತೆ ಸ್ನಾನ ಮುಗಿಸಿ ಬಂದು ಎರಡೂ ಗಿಡ ನೋಡಿದರು. ಮಣೆ ಹಾಕಿಕೊಂಡು ಕೂತರು. ಅಂಗೈಯಲ್ಲಿ ಲಿಂಗ, ಹೂವಿಲ್ಲ.

ನನಗೆ ತಡೆಯಲಾಗಲಿಲ್ಲ. "ಅತ್ತಿ, ಹೊರಗಿಂದು ಒಂದು ತರಲೇನ್ರಿ? ಅದೂ ನಮ್ಮ ಮನ್ಯಾಗs ಬೆಳದದ ಅಲ್ರಿ? ನೀವು ಹೋಗಬ್ಯಾಡ್ರಿ. ನೀವಿಲ್ಲಂದ್ರ ಮನಿ ನನಗ ಮನಿ ಅನಸೂದಿಲ್ರಿ."

ಅತ್ತೆ ಮಗನ ಕಡೆ ತಿರುಗಿದರು. ಅವರು ಸ್ನಾನ ಮಾಡಿ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು, ತಾಯಿಯ ಪಕ್ಕ ಕೈಕಟ್ಟಿ ನಿಂತಿದ್ದರು.

"ನೀ ಏನಂತೀಯೋ?"

ತಾಯಿ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡರು ಪುಣ್ಯಾತ್ಮರು. ಗಂಟಲು ಸರಿಮಾಡಿಕೊಂಡು, "ನೇಮ ಅಂದ್ರ ನೇಮ ಅವ್ವ. ಹೊರಗ ತಿಂದದ್ದು ಹೊರಗs ಇರಬೇಕು," ಎಂದರು.

ನನಗೆ ಅವರ ಹಣೆಯ ವಿಭೂತಿಯನ್ನೆಲ್ಲ ಒರೆಸಿಹಾಕಬೇಕೆನ್ನಿಸಿತು.

"ಹಂಗಂದ್ರ ನೀ ಹೊರಗ ನಡಿ," ಎಂದರು ಅತ್ತೆ.

"ಯಾಕವ್ವ?"

"ಬುಧವಾರಕ್ಕೊಮ್ಮೆ ಫ್ಯಾಕ್ಟರಿ ಗೇಟಿನ ಮುಂದ ಆಮ್ಲೆಟ್ ತಿಂದು, ವಾಸನಿ ಮುಚ್ಚಾಕ ಬಾಯಿ ತುಂಬ ಬಡೇಸೋಪು ಹಾಕ್ಕೊಂಡು ಬರತಿಯಲ್ಲ, ನಿನ್ನ ಎಲ್ಲಿ ಇಡ್ಲಿ? ಗ್ಯಾಲರ್ಯಾಗ?"

ಯಜಮಾನರ ಕೈ ತಾನಾಗಿಯೇ ಬಿಚ್ಚಿಕೊಂಡಿತು. ಮೆಲ್ಲಗೆ ನನ್ನ ಕಡೆ ತಿರುಗಿ, ನೀನೇ ಹೇಳಿದೆಯಲ್ಲ ಎಂಬಂತೆ ಕಣ್ಣು ಕೆಕ್ಕರಿಸಿದರು. ನಾನು ಇಲ್ಲ ಎಂದು ತಲೆ ಅಲ್ಲಾಡಿಸುವಷ್ಟರಲ್ಲಿ ಅತ್ತೆಯೇ ನನ್ನ ಪರ ನಿಂತರು.

"ಅಕಿ ಕಡೆ ಯಾಕ ನೋಡತಿ? ಅಕಿ ಹೇಳಿಲ್ಲ. ಅಕಿ ಹೆಂಗ ಹೇಳ್ತಾಳ? ರವಿವಾರ ಇಬ್ಬರೂ ಕೂಡಿ ಕಾಯಿಪಲ್ಲೆ ತರತೀವಂತ ಹೋಗತೀರಿ. ಎರಡು ತಾಸು ಬಿಟ್ಟು ಒಂದು ಸಿವುಡು ಕೊತ್ತಂಬರಿ ತಗೊಂಡು ಬರತೀರಿ. ರಾತ್ರಿ ಇಬ್ಬರಿಗೂ ಹಸಿವಿಲ್ಲ."

ನಾನು ನೆಲದ ಟೈಲ್ಸಿನ ವಿನ್ಯಾಸವನ್ನು ಮೊದಲ ಸಲ ಸರಿಯಾಗಿ ನೋಡಿದೆ.

"ನಿಂತು ಏನ ನೋಡತಿ? ಹೂ ತಗೊಂಡು ಬಾ," ಎಂದರು ಅತ್ತೆ.

ಗ್ಯಾಲರಿಗೆ ಓಡಿ ಎಲ್ಲಕ್ಕಿಂತ ಚೆಂದದ್ದೊಂದು ಹೂ ಕಿತ್ತು, ತೊಳೆದು ತಂದುಕೊಟ್ಟೆ. ಅತ್ತೆ ಅದನ್ನು ಲಿಂಗದ ಮೇಲಿಟ್ಟರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಅವರು ಕಣ್ಣು ಮುಚ್ಚಿದರು. ನಾವಿಬ್ಬರು ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ ಗೋಡೆಗೆ ಒರಗಿ ನಿಂತಿದ್ದೆವು.

ಪೂಜೆ ಮುಗಿಯಿತು. ಮಂಚದ ಮೇಲೆ ಬ್ಯಾಗು ಹಾಗೇ ಇತ್ತು. ಧೈರ್ಯ ಮಾಡಿ ಕೇಳಿದೆ, "ಅತ್ತಿ, ಮತ್ತ ಸೊಲ್ಲಾಪುರಕ್ಕ?"

"ಹೆಂಗ ಹೋಗ್ಲಿ?" ಎಂದರು ಅತ್ತೆ, ಮಣೆಯಿಂದ ಏಳುತ್ತ. "ಈ ಮನ್ಯಾಗ ಹೊರಗ ತಿನ್ನೋರು ಮೂರು ಮಂದಿ ಅದೀರಿ. ಒಂದು ಈಗ ಹೂ ಬಿಟ್ಟದ. ಉಳದ ಇಬ್ಬರು ಬಿಡೋತನಕ ನಾ ಇಲ್ಲೇ ಇರಬೇಕಲ್ಲ!"